ಟವಲಿನೊಳಗಿನ ಕೈ

ಬೆಳ್ಳಗಿರುವುದೆಲ್ಲ ಹಾಲಲ್ಲ. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟವನಿಗೆ ಇದಕ್ಕಿಂತ ದೊಡ್ಡ ವೇದಾಂತ ಬೇಕಾಗಿಲ್ಲ. ಕ್ರೇಟಿನ ಮೇಲಿನ ಸಾಲಿನಲ್ಲಿ ಬಾದಾಮಿ ಹಣ್ಣು ಮಿರಿಮಿರಿ ಮಿಂಚುತ್ತಿದ್ದರೆ ನಾನು ಮೊದಲು ಕೈ ಹಾಕುವುದು ತಳಕ್ಕೆ. ಯಾರಾದರೂ ಸುಮ್ಮಸುಮ್ಮನೆ ಹೊಗಳಿದರೆ ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ನನ್ನ ಹೆಂಡತಿ ಮುನಿಲಕ್ಷ್ಮಿ ಇದನ್ನು ಕಾಯಿಲೆ ಎನ್ನುತ್ತಾಳೆ. "ಕಾಮಾಲೆ ಕಣ್ಣು ಕಣ್ರೀ ನಿಮ್ದು. ದೇವ್ರೇ ಎದುರಿಗೆ ಬಂದು ವರ ಕೊಡ್ತೀನಿ ಅಂದ್ರೂ, ಇದ್ರಲ್ಲಿ ನಿಂಗೇನು ಲಾಭ ಅಂತ ಕೇಳೋರು ನೀವು," ಎಂದು ಆಡಿಕೊಳ್ಳುತ್ತಾಳೆ. ಕೇಳಬೇಕಾದ ಪ್ರಶ್ನೆಯೇ ಅಲ್ಲವೇ ಅದು?

ಹೋದ ಕಾರ್ತಿಕದಲ್ಲಿ, ಸೀಸನ್ ಇಲ್ಲದೆ ಮಂಡಿ ಖಾಲಿ ಬಿದ್ದಿದ್ದಾಗ, ಗಡ್ಡ ಬಿಟ್ಟ ಒಬ್ಬ ಬಂದು ನನ್ನೆದುರು ಕುರ್ಚಿ ಎಳೆದುಕೊಂಡು ಕೂತ. ಹೆಸರು ಭಾರ್ಗವ್, ಸಿನಿಮಾ ಡೈರೆಕ್ಟರ್ ಎಂದ. "ನಿಮ್ಮ ಮೇಲೆ, ಮುಳಬಾಗಿಲ ಪ್ರಹ್ಲಾದ ಸರ್ ಮೇಲೆ ಒಂದು ಕಾಮಿಡಿ ಮಾಡ್ತಿದ್ದೀನಿ ಸರ್. ಇಬ್ರು ವಯಸ್ಸಾದ ಬಾಕ್ಸರ್‌ಗಳು ಹಳೇ ಹಗೆ ತೀರಿಸ್ಕೊಳ್ಳೋಕೆ ಮತ್ತೆ ರಿಂಗಿಗೆ ಇಳೀತಾರೆ. ಆ್ಯಕ್ಟರ್‌ಗಳು ಬೇಡ. ನೀವಿಬ್ರೇ ಹೀರೋ."

"ಕೊನೇಲಿ ಯಾರು ಗೆಲ್ತಾರೆ?" ಎಂದು ಕೇಳಿದೆ.

ಭಾರ್ಗವ್ ನಕ್ಕ. "ಅದನ್ನ ಆಮೇಲೆ ನೋಡೋಣ ಬಿಡಿ ಸರ್."

ಆಮೇಲೆ ನೋಡೋಣ ಎಂದವನು ಮಂಡಿಯಲ್ಲಾಗಲಿ ಮದುವೆ ಮಾತುಕತೆಯಲ್ಲಾಗಲಿ ಆಮೇಲೆ ಒಳ್ಳೆಯ ಸುದ್ದಿ ಹೇಳಿದ್ದನ್ನು ನಾನು ಕಂಡಿಲ್ಲ.

ನನ್ನ ಪ್ರಶ್ನೆ ಹೊಟ್ಟೆ ತುಂಬಿದವನ ಹರಟೆಯಲ್ಲ. ನಾನು, ಪ್ರಹ್ಲಾದ ಒಂದೇ ವಯಸ್ಸಿನವರು. ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿದ್ದ ಮೇಷ್ಟ್ರೊಬ್ಬರ ಕೈಯಲ್ಲಿ ಇಬ್ಬರೂ ಬಾಕ್ಸಿಂಗ್ ಕಲಿತೆವು. ಅವನು ಮುಳಬಾಗಿಲಿನ ಮಡಿವಂತರ ಮನೆಯವನು, ಮೊಟ್ಟೆಯನ್ನೂ ಮುಟ್ಟದವನು. ಜನ ಅವನಿಗೆ ಪುಳಿಯೋಗರೆ ಪ್ರಹ್ಲಾದ ಎಂದು ಹೆಸರಿಟ್ಟರು. ಆ ಪುಳಿಯೋಗರೆಯ ಬಲಗೈ ಒಂದು ಸಲ ನನ್ನ ಮೂಗಿನ ಮೇಲೆ ಕೂತು, ಮೂಗು ತುದಿಯಲ್ಲಿ ಗಿಳಿಕೊಕ್ಕಿನ ಹಾಗೆ ಬಾಗಿಹೋಯಿತು. ಅಂದಿನಿಂದ ಆ ಕೊಕ್ಕಿನ ಮಾವಿನ ಹೆಸರೇ ನನಗೂ ಅಂಟಿ, ನಾನು ತೋತಾಪುರಿ ಕದಿರೇಶ. ಎಂಬತ್ತನಾಲ್ಕರಲ್ಲಿ ಕೋಲಾರದ ಮೈದಾನದಲ್ಲಿ ನಮ್ಮಿಬ್ಬರ ನಡುವೆ ಫೈನಲ್. ಕೊನೆಯ ರೌಂಡಿನ ನಡುವೆ ಕರೆಂಟ್ ಹೋಯಿತು. ಬರುವಷ್ಟರಲ್ಲಿ ಎರಡೂ ಊರಿನವರು ಕುರ್ಚಿ ಎತ್ತಿಕೊಂಡು ಹೊಡೆದಾಡಿಯಾಗಿತ್ತು, ಪೊಲೀಸರು ಬಂದಾಗಿತ್ತು, ತೀರ್ಪುಗಾರರು ಜೀಪು ಹತ್ತಿ ಹೊರಟುಹೋಗಿದ್ದರು. ಕಪ್ ಯಾರಿಗೂ ಸಿಗಲಿಲ್ಲ. ನಾನು ಮಂಡಿ ಸೇರಿದೆ, ಅವನು ಲೆಕ್ಕಪತ್ರದ ಕೆಲಸ ಸೇರಿದ. ಆದರೆ ಶ್ರೀನಿವಾಸಪುರದಲ್ಲಿ ಯಾರನ್ನು ಕೇಳಿದರೂ ಅವತ್ತು ಗೆದ್ದವನು ಕದಿರೇಶ. ಮುಳಬಾಗಿಲಲ್ಲಿ ಕೇಳಿದರೆ ಪ್ರಹ್ಲಾದ. ನಲವತ್ತು ವರ್ಷದಿಂದ ಈ ಜಗಳ ಹಾವೂ ಸಾಯದೆ ಕೋಲೂ ಮುರಿಯದೆ ನಡೆದುಕೊಂಡು ಬಂದಿದೆ.

ಸಿನಿಮಾ ಬಂದರೆ ಆ ಕಥೆ ಮುಗಿಯಿತು. ಅವತ್ತು ಮೈದಾನದಲ್ಲಿದ್ದವರಲ್ಲಿ ಅರ್ಧ ಜನ ಸತ್ತಿದ್ದಾರೆ, ಉಳಿದವರಿಗೆ ಮರೆವು. ಇನ್ನು ತೆರೆಯ ಮೇಲೆ ಯಾರು ಬೀಳುತ್ತಾನೋ ಅವನೇ ಅವತ್ತೂ ಬಿದ್ದವನು. ನನ್ನ ಮೊಮ್ಮಕ್ಕಳು ಅದನ್ನೇ ಮೊಬೈಲಿನಲ್ಲಿ ಹಿಂದೆ ಮುಂದೆ ಮಾಡಿ ನೋಡಿ ನಗುತ್ತಾರೆ. ನಾನು ಬೀಳಬಾರದು. ನನಗೆ ಬೇಕಾಗಿದ್ದದ್ದು ಅಷ್ಟೇ. ಒಪ್ಪಿಕೊಂಡದ್ದೂ ಅದಕ್ಕೇ. ನಾನು ಒಲ್ಲೆ ಎಂದರೆ ಭಾರ್ಗವ್ ಬೇರೆ ಯಾವನೋ ಮುದುಕನಿಗೆ ಕದಿರೇಶ ಎಂದು ಹೆಸರಿಟ್ಟು ಬೀಳಿಸಿಬಿಟ್ಟರೆ ಯಾರನ್ನು ಕೇಳುವುದು?

ಶೂಟಿಂಗಿಗೆ ಮಾಲೂರಿನಲ್ಲಿ ಮುಚ್ಚಿಹೋದ ಹೆಂಚಿನ ಕಾರ್ಖಾನೆ ಹಿಡಿದಿದ್ದರು. ಶೆಡ್ಡಿನೊಳಗೆ ರಿಂಗ್ ಕಟ್ಟಿದ್ದರು. "ನಿಮ್ಮೂರೂ ಅಲ್ಲ, ಅವರೂರೂ ಅಲ್ಲ ಸರ್. ನ್ಯೂಟ್ರಲ್," ಎಂದ ಭಾರ್ಗವ್. ಸರಿ ಎಂದುಕೊಂಡೆ. ಆದರೆ ಮೊದಲ ದಿನವೇ ತಿಂಡಿಯ ಹೊತ್ತಿಗೆ ನೋಡುತ್ತೇನೆ, ಈ ನ್ಯೂಟ್ರಲ್ ಮನುಷ್ಯ ಕಾಗದ ಬಿಚ್ಚಿ ಮುಳಬಾಗಿಲು ದೋಸೆ ತಿನ್ನುತ್ತಿದ್ದಾನೆ. ಪ್ರಹ್ಲಾದನ ಮಗಳು ಸುಮೇಧಾ ಕಟ್ಟಿಸಿಕೊಂಡು ತಂದಿದ್ದಳಂತೆ. "ನಮ್ಮಮ್ಮನ ತೌರು ಮುಳಬಾಗಿಲೇ ಸರ್. ಈ ದೋಸೆ ಅಂದ್ರೆ ಪ್ರಾಣ ನಂಗೆ," ಎಂದ. ಮುಳಬಾಗಿಲಿಂದ ಮಾಲೂರಿಗೆ ಬರುವಷ್ಟರಲ್ಲಿ ಆ ದೋಸೆ ಆರಿ ಚಪ್ಪಲಿಯಾಗಿರುತ್ತದೆ. ಅದನ್ನೂ ಹೊಗಳಿಕೊಂಡು ತಿನ್ನುತ್ತಿದ್ದಾನೆಂದರೆ ಏನರ್ಥ? ಅಮ್ಮನ ತೌರಿನ ವಿಷಯವನ್ನು ನನ್ನ ಮಂಡಿಗೆ ಬಂದ ದಿನ ಏಕೆ ಬಾಯಿಬಿಡಲಿಲ್ಲ?

ಅಷ್ಟರಲ್ಲಿ ಪ್ರಹ್ಲಾದ ಬಂದ. ಎಷ್ಟೋ ವರ್ಷವಾಗಿತ್ತು ನೋಡಿ. ತಲೆ ನುಣ್ಣಗಾಗಿದೆ, ಬೆನ್ನು ಮಾತ್ರ ಹಾಗೇ ನೆಟ್ಟಗಿದೆ. ಅದನ್ನು ನೋಡಿಯೇ ನನಗೆ ಒಂದು ಸುತ್ತು ಹೊಟ್ಟೆ ಉರಿಯಿತು.

"ಹೇಗಿದ್ದೀಯೋ ಕದಿರೇಶ? ಮೂಗು ನೆಟ್ಟಗಾಯ್ತಾ?" ಎನ್ನುತ್ತ ಎಡಗೈ ಚಾಚಿದ. ಬಲಗೈ ಹೆಗಲಿಂದ ಇಳಿಬಿಟ್ಟ ಟವಲಿನೊಳಗಿತ್ತು.

"ನಿನ್ನ ನಾಲಿಗೆ ನೆಟ್ಟಗಾದ ದಿನ ಇದೂ ಆಗ್ತದೆ," ಎಂದೆ. ಕೈಯೇನೋ ಕುಲುಕಿದೆ. ಆದರೆ ಮಡಿವಂತರ ಮನೆಯ ಮನುಷ್ಯ ಎಡಗೈ ಕೊಡುತ್ತಾನೆಂದರೆ ಒಂದೋ ಅವಮಾನ, ಇಲ್ಲ ತಂತ್ರ. ಕಾಫಿಯನ್ನೂ ಎಡಗೈಯಲ್ಲೇ ಕುಡಿದ. ಮೊಬೈಲನ್ನೂ ಎಡಗೈಯಲ್ಲೇ ಒತ್ತಿದ. ನನಗೆ ಹೊಳೆದುಹೋಯಿತು. ಮುದುಕ ಮನೆಯಲ್ಲಿ ಕೂತು ಎಡಗೈ ಪಳಗಿಸಿಕೊಂಡು ಬಂದಿದ್ದಾನೆ. ನಾನು ಅವನ ಬಲಗೈಯನ್ನೇ ಕಾಯುತ್ತ ನಿಂತಿರಬೇಕು, ಏಟು ಈ ಕಡೆಯಿಂದ ಬೀಳಬೇಕು.

ಅಭ್ಯಾಸದ ದಿನಗಳಲ್ಲಿ ಅನುಮಾನ ಬಲಿಯುತ್ತ ಹೋಯಿತು. ಫೈಟ್ ಮಾಸ್ಟರ್ ಹೇಳಿಕೊಟ್ಟ ಹಾಗೆ ಪ್ರಹ್ಲಾದ ಕುಣಿಯುತ್ತಿದ್ದ, ಎಡಗೈ ಬೀಸುತ್ತಿದ್ದ, ಬಲಗೈಯನ್ನು ಗಲ್ಲಕ್ಕೆ ಒತ್ತಿ ಹಾಗೇ ಇಟ್ಟುಕೊಂಡಿರುತ್ತಿದ್ದ. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರೆ ಅವನು ಮಗಳನ್ನು ಕರೆದುಕೊಂಡು ಹೆಂಚು ಸುಡುವ ಹಳೇ ಗೂಡಿನ ಹಿಂದಕ್ಕೆ ಹೋಗುತ್ತಿದ್ದ. ಮಡಿ ಊಟವಂತೆ. ಮಡಿಯೋ ಮಣ್ಣೋ. ಯಾವುದೋ ಲೇಹ್ಯ ನೆಕ್ಕುತ್ತಿದ್ದಾನೆ ಎಂದುಕೊಂಡೆ ನಾನು.

ಆಮೇಲೆ ಒಂದು ದಿನ ಅದನ್ನು ಕಂಡೆ.

ನಮ್ಮ ಮಂಡಿಯ ಪದ್ಧತಿ ತಿಳಿಯದವರಿಗೆ ಒಂದು ಮಾತು ಹೇಳಬೇಕು. ಹಳೆಯ ವ್ಯಾಪಾರಿಗಳು ನಾವು ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಮಾರುವವನೂ ಕೊಳ್ಳುವವನೂ ಒಂದು ಟವಲಿನ ಕೆಳಗೆ ಕೈ ಹಿಡಿದುಕೊಂಡು, ಬೆರಳಲ್ಲೇ ಹೇಳಿ ಬೆರಳಲ್ಲೇ ಕೇಳುತ್ತೇವೆ. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗುವುದಿಲ್ಲ. ಈಗ ಕೂಗಿ ಹರಾಜು ಹಾಕುವವರು ಬಂದಿದ್ದಾರೆ, ಮೊಬೈಲಿನಲ್ಲಿ ರೇಟು ನೋಡುವವರು ಬಂದಿದ್ದಾರೆ. ಆದರೂ ದೊಡ್ಡ ತೋಟದ ಮಾತು ಬಂದರೆ ಟವಲು ಬಿಚ್ಚಲೇಬೇಕು. ಇಬ್ಬರ ಕೈ ಒಂದು ಟವಲಿನ ಕೆಳಗೆ ಹೋಯಿತೆಂದರೆ ನಮ್ಮೂರಲ್ಲಿ ಅದಕ್ಕೆ ಬೇರೆ ಅರ್ಥವೇ ಇಲ್ಲ.

ಅವತ್ತು ಪ್ರಹ್ಲಾದ ಶೆಡ್ಡಿನ ಮೂಲೆಯಲ್ಲಿ ಕೂತಿದ್ದ. ಟವಲು ತೊಡೆಯ ಮೇಲೆ, ಬಲಗೈ ಅದರೊಳಗೆ. ಸುಮೇಧಾ ಪಕ್ಕದಲ್ಲಿ ಕೂತು ಆಚೆ ಈಚೆ ನೋಡಿ ತನ್ನ ಕೈಯನ್ನೂ ಅದರೊಳಗೆ ತೂರಿಸಿದಳು. ಟವಲಿನೊಳಗೆ ಬೆರಳುಗಳು ಆಡುವುದು ನನಗೆ ಸ್ಪಷ್ಟವಾಗಿ ಕಂಡಿತು. ಆಮೇಲೆ ಅವಳು ಎದ್ದು ನೇರ ಭಾರ್ಗವ್ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳಿದಳು. ಅವನು ತಲೆ ಆಡಿಸಿದ. ಮರುಗಳಿಗೆ, "ಇವತ್ತಿಗೆ ಸಾಕು, ಪ್ಯಾಕಪ್," ಎಂದು ಕೂಗಿದ.

ಮಾರುವವನು ಇದ್ದಾನೆ, ಕೊಳ್ಳುವವನು ಇದ್ದಾನೆ, ನಡುವೆ ದಲ್ಲಾಳಿಯೂ ಸಿಕ್ಕಳು. ಇನ್ನೇನು ಬೇಕು?

ಊರಿಗೆ ಬಂದವನೇ ಪಕ್ಕದ ಮಂಡಿಯ ದೊಡ್ಡವೆಂಕಟಪ್ಪನಿಗೆ ಹೇಳಿದೆ. ಕೋಲಾರದ ಮೈದಾನದಲ್ಲಿ ನನಗಾಗಿ ಕುರ್ಚಿ ಎತ್ತಿದವನು ಅವನು, ನನ್ನ ಸೋಲು ಗೆಲುವಿನಲ್ಲಿ ಅವನಿಗೂ ಪಾಲಿದೆ. ಅವನು ಹುಬ್ಬು ಏರಿಸಿದ. "ಟವಲ್ ಕೆಳ್ಗೆ ಕೈ ಹೋಯ್ತಾ? ಇಂಕೇಮುಂದಿ ಅಣ್ಣಾ, ಅಯಿಪೋಯಿಂದಿ. ಮುಗ್ದೇ ಹೋಯ್ತು. ಕೊನೇಲಿ ನೀನೇ ಬೀಳೋದು. ಸೆಟ್ ಮಾಡ್ಕೊಂಡವ್ರೆ," ಎಂದ. ಸಂಜೆಯೊಳಗೆ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲೂ ಅದೇ ಮಾತು.

ಮುನಿಲಕ್ಷ್ಮಿಗೆ ಹೇಳಿದರೆ ಅವಳು ರಾಗಿ ಹಿಟ್ಟು ಜರಡಿ ಹಿಡಿಯುತ್ತ, "ಅಪ್ಪ ಮಗಳು ಕೈ ಹಿಡ್ಕೊಂಡ್ರೂ ತಪ್ಪೇನ್ರೀ? ಅವಳೇನು ಅಪ್ಪನ್ನ ಡಜನ್ ಲೆಕ್ಕದಲ್ಲಿ ಮಾರ್ತಾಳಾ?" ಎಂದಳು. ನಾನು ರೇಗಿದೆ. ಅವಳು ಜರಡಿಯನ್ನು ಇನ್ನೂ ಜೋರಾಗಿ ಕುಟ್ಟಿದಳು.

ಮರುದಿನ ಭಾರ್ಗವ್‌ನನ್ನು ಹಿಡಿದುಕೊಂಡೆ. "ಕ್ಲೈಮ್ಯಾಕ್ಸ್ ಏನು, ಈಗ ಹೇಳ್ಬೇಕು."

"ಬರ್ದೇ ಇಲ್ಲ ಸರ್. ಕೊನೇ ಫೈಟಿಗೆ ಎರಡೂ ಊರಿಂದ ಜನಾನ ಕರೆಸ್ತೀನಿ. ನೀವಿಬ್ರೂ ನಿಜವಾಗಿ ಆಡಿ. ಏನಾಗುತ್ತೋ ಅದೇ ಕ್ಲೈಮ್ಯಾಕ್ಸ್."

"ಕೊನೆ ಗೊತ್ತಿಲ್ದೆ ಯಾರಾದ್ರೂ ಸಿನಿಮಾ ತೆಗೀತಾರೇನಪ್ಪಾ?"

"ಅದೇ ಮಜಾ ಅಲ್ವಾ ಸರ್?"

ಹೂವು ನೋಡಿ ತೋಟ ಗುತ್ತಿಗೆ ಹಿಡಿಯುವವನು ನಾನು. ಹೂವನ್ನೂ ನೋಡದೆ ಹಿಡಿಯುತ್ತೇನೆ ಎನ್ನುವವನನ್ನು ಅವತ್ತೇ ಕಂಡದ್ದು. ಅಂಥವನು ಇದ್ದಾನೆಂದರೆ, ಹಣ್ಣು ಆಗಲೇ ಯಾರದೋ ಗೋದಾಮಿನಲ್ಲಿದೆ ಎಂದೇ ಲೆಕ್ಕ.

ಕೊನೆಯ ಫೈಟಿನ ದಿನ ಶ್ರೀನಿವಾಸಪುರದಿಂದ ಎರಡು ಬಸ್ಸು, ಮುಳಬಾಗಿಲಿಂದ ಎರಡು ಬಸ್ಸು ಬಂದವು. ನಮ್ಮವರನ್ನು ದೊಡ್ಡವೆಂಕಟಪ್ಪ ತಾನೇ ಎಣಿಸಿ ಇಳಿಸಿಕೊಂಡ. ಮುನಿಲಕ್ಷ್ಮಿಯೂ ಬಂದಿದ್ದಳು. ಮಧ್ಯಾಹ್ನ ಊಟದ ಪೊಟ್ಟಣ ಹಂಚಿದರು. ಜನ ಹುಣಸೆ ಮರದ ನೆರಳಲ್ಲಿ ಈ ಕಡೆ ಒಂದು ಊರು, ಆ ಕಡೆ ಒಂದು ಊರು ಎಂದು ಕೂತಿದ್ದರು. ನಡುವಿನ ಕಲ್ಲುಬೆಂಚಿನ ಮೇಲೆ ಪ್ರಹ್ಲಾದ ಒಬ್ಬನೇ ಕೂತಿದ್ದ. ತೊಡೆಯ ಮೇಲೆ ಅದೇ ಟವಲು, ಒಳಗೆ ಅದೇ ಕೈ.

ನನಗೆ ತಡೆಯಲಾಗಲಿಲ್ಲ. ಎಲ್ಲರೂ ನೋಡಲಿ ಎಂದೇ ನಡೆದುಕೊಂಡು ಹೋಗಿ ಪಕ್ಕದಲ್ಲಿ ಕೂತು ಟವಲಿನೊಳಗೆ ಕೈ ಹಾಕಿದೆ.

"ಏನೋ ಇದು?" ಪ್ರಹ್ಲಾದ ಬೆಚ್ಚಿಬಿದ್ದ.

"ವ್ಯಾಪಾರ. ಡೈರೆಕ್ಟರ್‌ಗೆ ಏನು ಹೇಳಿದ್ಯೋ ಅದನ್ನ ನಂಗೂ ಹೇಳು. ನಾನೂ ಕೂಗ್ತೀನಿ ಒಂದು ಮಾತು."

ಅವನು ಕೈ ಎಳೆದುಕೊಳ್ಳಲು ನೋಡಿದ. ನಾನು ಬಿಡಲಿಲ್ಲ. ಮಂಡಿಯಲ್ಲಿ ಸಾವಿರಾರು ಕೈ ಹಿಡಿದವನು ನಾನು. ಸುಳ್ಳು ಹೇಳುವ ಕೈ ಬೆವರುತ್ತದೆ, ಆಸೆಬುರುಕ ಕೈ ಬಿಗಿಯುತ್ತದೆ, ತಿಳಿಯದವನ ಕೈ ಸುಮ್ಮನೆ ಬಿದ್ದಿರುತ್ತದೆ. ಇದು ಯಾವುದೂ ಅಲ್ಲ. ಬೋರ್‌ವೆಲ್ ಪೈಪು ಹಿಡಿದ ಹಾಗೆ ಆ ಕೈ ಅದುರುತ್ತಿತ್ತು.

"ನಾಟಕ ಬಿಡೋ," ಎಂದೆ.

ಕೈ ನಿಲ್ಲಲಿಲ್ಲ. ನಾನು ಗಟ್ಟಿಯಾಗಿ ಒತ್ತಿ ಹಿಡಿದೆ. ನನ್ನ ಕೈಯನ್ನೂ ಸೇರಿಸಿಕೊಂಡು ಅದುರಿತು.

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು," ಎಂದ ಪ್ರಹ್ಲಾದ. ಎದುರಿಗಿದ್ದ ಜನರನ್ನು ನೋಡುತ್ತ, ಹವಾಮಾನದ ಮಾತಾಡುವವನ ಹಾಗೆ ಮುಖ ಇಟ್ಟುಕೊಂಡು ಹೇಳಿದ. "ಡಾಕ್ಟ್ರು ಏನೋ ಒಂದು ಹೆಸರು ಹೇಳಿದಾರೆ. ಕಮ್ಮಿಯಾಗಲ್ಲ ಅಂತಾನೂ ಹೇಳಿದಾರೆ. ಸುಮೇಧಾ ಆಗಾಗ ಬೆರಳು ನೀವ್ತಾಳೆ, ಸ್ವಲ್ಪ ಹೊತ್ತು ಸುಮ್ಮನಿರತ್ತೆ. ಜಾಸ್ತಿಯಾದ ದಿನ ಅಪ್ಪಂಗೆ ಸುಸ್ತು ಅಂತ ಹೇಳಿ ಶೂಟಿಂಗ್ ನಿಲ್ಲಿಸ್ತಾಳೆ. ಆ ಡೈರೆಕ್ಟರ್‌ಗೂ ಗೊತ್ತಿಲ್ಲ. ನಾಲ್ಕು ಜನರ ಮುಂದೆ ಊಟಕ್ಕೆ ಕೂರೋ ಹಾಗಿಲ್ಲ ಕಣೋ, ಸಾರನ್ನ ಬಾಯಿಗೆ ಬರೋದಕ್ಕಿಂತ ಮೊದಲು ಪಂಚೆ ಮೇಲಿರತ್ತೆ."

"ಮತ್ತೆ ಈ ಸಿನಿಮಾ ಯಾಕೋ ಒಪ್ಕೊಂಡೆ, ಪುಣ್ಯಾತ್ಮ?"

"ಗ್ಲೌಸ್ ಹಾಕಿದ್ರೆ ಕಾಣಲ್ಲ ಅಂತ." ಎಡಗೈಯಿಂದ ಟವಲಿನ ಅಂಚು ಸರಿಮಾಡಿಕೊಂಡ. "ಮುಳಬಾಗಿಲಲ್ಲಿ ನಾನು ಟವಲ್ ಇಲ್ದೆ ಮನೆ ಹೊರಗೆ ಬರಲ್ಲ. ಇಲ್ಲಿ ಎರಡು ಕೈನೂ ಎತ್ಕೊಂಡು ಎಲ್ಲರ ಮುಂದೆ ನಿಲ್ಲಬಹುದು ಅನ್ನಿಸ್ತು."

ನನಗೆ ಮೊದಲು ದುಃಖವಾಗಲಿಲ್ಲ, ಕೋಪ ಬಂತು. ನನ್ನ ಮೂಗು ಮುರಿದ ಕೈ ಅದು. ನಲವತ್ತು ವರ್ಷ ನಾನು ಬೈದುಕೊಂಡು, ಹೆದರಿಕೊಂಡು, ಕನಸಿನಲ್ಲೂ ಕಂಡ ಕೈ. ಅದಕ್ಕೆ ಹೀಗೆ ಆಗಲು ಯಾರು ಅಪ್ಪಣೆ ಕೊಟ್ಟರು? ಎರಡು ವಾರ ಅವನ ಹಿಂದೆ ಕಳ್ಳನ ಹಾಗೆ ಇಣುಕಿದ್ದು ನೆನಪಾಗಿ ನಾಚಿಕೆಯೂ ಆಯಿತು.

"ಯಾರಿಗೂ ಹೇಳ್ಬೇಡ. ಮುಳಬಾಗಿಲಿಗೆ ಗೊತ್ತಾಗ್ಬಾರ್ದು," ಎಂದ ಪ್ರಹ್ಲಾದ. "ಇನ್ನೊಂದು. ನಂಗೆ ಬಿಟ್ಟುಕೊಡ್ಬೇಡ. ಪಾಪ ಅಂತ ನೀನು ಒಂದೇ ಒಂದು ಏಟು ಮೆತ್ತಗೆ ಹೊಡೆದೆ ಅಂತ ಗೊತ್ತಾದ್ರೂ ಸಾಯೋವರೆಗೂ ನಿನ್ನ ಮುಖ ನೋಡಲ್ಲ."

ನಾನು ಅವನ ಐದೂ ಬೆರಳು ಸೇರಿಸಿ ಒಂದು ಸಲ ಒತ್ತಿದೆ. ಮಾತು ಮುಗಿಯಿತು ಎನ್ನಲು ಮಂಡಿಯಲ್ಲಿ ಮಾಡುವುದೇ ಹಾಗೆ.

ಎದ್ದು ತಿರುಗಿದಾಗಲೇ ನನಗೆ ಜನ ಕಂಡದ್ದು. ಎರಡೂ ಊರಿನವರು ತುತ್ತು ಕೈಯಲ್ಲಿ ಹಿಡಿದುಕೊಂಡು ನಮ್ಮನ್ನೇ ನೋಡುತ್ತಿದ್ದರು. ದೊಡ್ಡವೆಂಕಟಪ್ಪ ಬಾಯಲ್ಲಿದ್ದದ್ದನ್ನು ನುಂಗಲು ಮರೆತಿದ್ದ.

ಗಂಟೆ ಹೊಡೆಯಿತು. ಗ್ಲೌಸ್ ಹಾಕಿದ ಮೇಲೆ ಅವನ ಕೈಯಲ್ಲಿ ನಿಜವಾಗಿಯೂ ಏನೂ ಕಾಣುತ್ತಿರಲಿಲ್ಲ. ಎರಡನ್ನೂ ಎತ್ತಿ ಮುಳಬಾಗಿಲಿನವರ ಕಡೆ ತಿರುಗಿ ತೋರಿಸಿದ. ಅವರು ಶಿಳ್ಳೆ ಹೊಡೆದರು. ಮೊದಲ ರೌಂಡಿನಲ್ಲಿ ನಾವಿಬ್ಬರೂ ಏದುಸಿರು ಬಿಡುತ್ತ ಒಬ್ಬರ ಸುತ್ತ ಒಬ್ಬರು ಸುತ್ತಿದೆವು. ನಾನು ಹೊಡೆಯುತ್ತಿದ್ದೆ, ಆದರೆ ನನ್ನ ಕೈ ನನಗೇ ಭಾರವಾಗಿತ್ತು. ಎರಡನೆಯ ರೌಂಡಿನಲ್ಲಿ ಅವನ ಎಡಗೈ ಬಂದು ನನ್ನ ಕಿವಿಯ ಮೇಲೆ ಬಿತ್ತು ನೋಡಿ, ಕಿವಿಯೊಳಗೆ ಗುಂಯ್ ಎಂದಿತು. ತಕ್ಷಣ ನನ್ನ ಹಳೆಯ ಬುದ್ಧಿ ಎದ್ದು ಕೂತಿತು. ಮೋಸ. ಕೈ ಅದುರಿಸುವುದು ಯಾರಿಗೆ ಬರುವುದಿಲ್ಲ? ಕಣ್ಣೀರು ತರಿಸಿ, ಕೈ ಸಡಿಲ ಮಾಡಿಸಿ, ಹೊಡೆಯುತ್ತಿದ್ದಾನೆ. ತೋತಾಪುರಿಯನ್ನು ಮತ್ತೆ ಮಂಗ ಮಾಡಿದ. ಆಮೇಲೆ ನಾನು ಕೈ ತಡೆದು ಹೊಡೆಯಲಿಲ್ಲ. ಪಾಪ ಪುಣ್ಯ ಎಲ್ಲ ಬಿಟ್ಟು ಹೊಡೆದೆ.

ಕೊನೆಯ ರೌಂಡಿನಲ್ಲಿ ಅವನು ಬಲಗೈ ಎತ್ತಿದ. ಮುಳಬಾಗಿಲಿನವರು ಎದ್ದು ನಿಂತರು, ಆ ಕೈಗಾಗಿಯೇ ಅವರು ಬಸ್ಸು ಹತ್ತಿ ಬಂದದ್ದು. ಆ ಕೈ ಎತ್ತಿದಲ್ಲೇ ಉಳಿಯಿತು. ಅದರ ಕೆಳಗಿನಿಂದ ಎಡಗೈ ಬಂದು ನನ್ನ ಬಲಪಕ್ಕೆಗೆ ತಗುಲಿತು. ಅದೇ ಗಳಿಗೆಯಲ್ಲಿ ನನ್ನ ಬಲಗೈ ಅವನ ದವಡೆಗೆ ಬಿತ್ತು. ಪ್ರಹ್ಲಾದ ಬಿದ್ದ.

ನಾನು ನಿಂತಿದ್ದೆ. ಪಕ್ಕೆ ಸ್ವಲ್ಪ ಚುರುಗುಟ್ಟಿತು, ಅಷ್ಟೇ. ಶ್ರೀನಿವಾಸಪುರದವರು ಶೆಡ್ಡಿನ ಹೆಂಚು ಹಾರಿಹೋಗುವ ಹಾಗೆ ಕೂಗುತ್ತಿದ್ದರು. ಕ್ಯಾಮೆರಾ ತಿರುಗುತ್ತಿತ್ತು. ನಲವತ್ತು ವರ್ಷದಿಂದ ನನಗೆ ಬೇಕಾಗಿದ್ದದ್ದು ನನ್ನ ಕಾಲ ಬಳಿ ಅಂಗಾತ ಬಿದ್ದಿತ್ತು. ಸಂತೋಷವಾಯಿತು. ಇಲ್ಲವೆಂದರೆ ಸುಳ್ಳಾಗುತ್ತದೆ.

ರೆಫರಿ ಒಂದು ಎಂದ, ಎರಡು ಎಂದ. ಪ್ರಹ್ಲಾದ ಮಗ್ಗುಲಾಗಿ ಬಲಗೈ ಊರಿ ಏಳಲು ನೋಡಿದ. ಮೊಣಕೈ ಮಡಿಚಿಕೊಂಡಿತು. ಮತ್ತೆ ಊರಿದ. ಈಗ ತೋಳು ಭುಜದವರೆಗೂ ಅದುರತೊಡಗಿತು. ಗ್ಲೌಸ್ ಮುಚ್ಚುವುದು ಮುಂಗೈಯನ್ನು ಮಾತ್ರ. ಭಾರ್ಗವ್ ಬೆರಳು ತೋರಿಸಿದ, ಒಂದು ಕ್ಯಾಮೆರಾ ಬಗ್ಗಿ ಹತ್ತಿರ ಬಂತು. ಮುಳಬಾಗಿಲಿನ ಮುಂದಿನ ಸಾಲಿನಿಂದ, "ಕೈಗೇನಾಯ್ತೋ ಅವ್ರಿಗೆ?" ಎಂದು ಯಾರೋ ಕೇಳಿದ್ದು ನನಗೆ ಕೇಳಿಸಿತು. ಪ್ರಹ್ಲಾದ ತಲೆ ಎತ್ತಲಿಲ್ಲ. ಆ ಕೈಯನ್ನು ಹೊಟ್ಟೆಯ ಕೆಳಗೆ ಅಡಗಿಸಿಕೊಳ್ಳಲು ಒದ್ದಾಡುತ್ತಿದ್ದ, ಅದು ಅವನ ಮಾತು ಕೇಳುತ್ತಿರಲಿಲ್ಲ.

ನಾನು ಪಕ್ಕೆ ಹಿಡಿದುಕೊಂಡು, "ಅಯ್ಯಯ್ಯೋ" ಎಂದು ಬಿದ್ದೆ.

ಬಿದ್ದದ್ದು ಅವನ ಆ ತೋಳಿನ ಮೇಲೆಯೇ, ಕ್ಯಾಮೆರಾಕ್ಕೆ ಅಡ್ಡವಾಗಿ. ಆಮೇಲೆ ಎರಡೂ ಊರು ಸೇರಿ ನಕ್ಕ ನಗೆ ಇದೆಯಲ್ಲ, ಅದನ್ನು ನಾನು ಮರೆಯುವುದಿಲ್ಲ. ರೆಫರಿ ಇಬ್ಬರ ಮೇಲೂ ಹತ್ತರವರೆಗೆ ಎಣಿಸಿದ. ನನ್ನ ಎದೆಯ ಕೆಳಗೆ ಆ ತೋಳು ಅದುರುತ್ತಲೇ ಇತ್ತು.

ನಗೆ ನಿಂತ ಮೇಲೆ ಬೈಗುಳ ಶುರುವಾಯಿತು. "ಡೀಲು, ಡೀಲು" ಎಂದು ಮೊದಲು ಕೂಗಿದ್ದು ನಮ್ಮ ದೊಡ್ಡವೆಂಕಟಪ್ಪನೇ. ಮಧ್ಯಾಹ್ನ ಟವಲಿನ ಕೆಳಗೆ ನಮ್ಮಿಬ್ಬರ ಕೈ ಹೋದದ್ದನ್ನು ಎಲ್ಲರೂ ಕಂಡಿದ್ದರು. ಟವಲಿಗೆ ಏನರ್ಥ ಎಂದು ಊರಿಗೆಲ್ಲ ಹೇಳಿದವನು ನಾನೇ. ನಾನು ರಿಂಗಿನಿಂದ ಇಳಿಯುವಾಗ ದೊಡ್ಡವೆಂಕಟಪ್ಪ ಎದುರಿಗೆ ಬಂದು, "ಎಂತಕಿ ಕುದಿರಿಂದಿ ಅಣ್ಣಾ?" ಎಂದ. ಎಷ್ಟಕ್ಕೆ ಕುದುರಿತು ಎಂದು ನನ್ನನ್ನು ಕೇಳುತ್ತಿದ್ದಾನೆ, ನನಗಾಗಿ ಕುರ್ಚಿ ಎತ್ತಿದವನು. ನಾನು ತಲೆ ತಗ್ಗಿಸಿಕೊಂಡು ಮುಂದೆ ಹೋದೆ. ಭಾರ್ಗವ್ ಓಡಿಬಂದು ತಬ್ಬಿಕೊಂಡ. "ಇಂಥ ಕಾಮಿಡಿ ಬರಿಯೋಕಾಗಲ್ಲ ಸರ್. ಗೆದ್ದು ನಿಂತು, ಯೋಚ್ನೆ ಮಾಡಿ, ಆಮೇಲೆ ಬಿದ್ರಲ್ಲ."

ಊರಿಗೆ ವಾಪಸ್ ಬರುವಾಗ ಮುನಿಲಕ್ಷ್ಮಿ ಕೋಲಾರ ದಾಟುವವರೆಗೂ ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ, "ಟವಲ್ ಕೆಳ್ಗೆ ಏನ್ ಮಾತಾಯ್ತು ರೀ?" ಎಂದು ಕೇಳಿದಳು.

"ಏನೂ ಇಲ್ಲ."

"ಏನೂ ಇಲ್ದೆ ನೀವು ಬೀಳೋರಾ? ನಂಗ್ಯಾಕೋ ಅನುಮಾನ," ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಬಾಯಲ್ಲಿ ಆ ಮಾತು ಕೇಳುವ ಕಾಲವೂ ಬಂತು.

ಸಿನಿಮಾ ಬಂತು. ಜನ ಬಿದ್ದು ಬಿದ್ದು ನಕ್ಕರು. ಬಸ್ ಸ್ಟ್ಯಾಂಡಿನಲ್ಲಿ ನಾನು ಹಾದುಹೋದರೆ ಪಕ್ಕೆ ಹಿಡಿದುಕೊಂಡು ನಿಧಾನವಾಗಿ ಬಿದ್ದು ತೋರಿಸುವವರಿದ್ದಾರೆ. ಶ್ರೀನಿವಾಸಪುರ, ಮುಳಬಾಗಿಲು ಈಗ ಒಂದೇ ಮಾತಿಗೆ ಬಂದಿವೆ. ಇಬ್ಬರೂ ಕಳ್ಳರಂತೆ. ಎಂಬತ್ತನಾಲ್ಕರಲ್ಲಿ ಕರೆಂಟ್ ತೆಗೆಸಿದವರೂ ನಾವೇ ಅಂತೆ. ಒಂದೇ ಒಂದು ಮಾತು ಹೇಳಿದರೆ ನನ್ನ ಮಾನ ನನಗೆ ಬರುತ್ತಿತ್ತು. ಹೇಳಲಿಲ್ಲ. ಹೇಳದೆ ಇರುವುದು ಸುಲಭವೇನೂ ಆಗಿರಲಿಲ್ಲ.

ಹೋದ ಭಾನುವಾರ ಬೆಳಿಗ್ಗೆ ಪ್ರಹ್ಲಾದ ಫೋನ್ ಮಾಡಿದ.

"ಸಿನಿಮಾ ನೋಡ್ದೆ. ನಿನ್ನ ಮೇಲೆ ಒಂದು ಅನುಮಾನ ಇದೆ ಕದಿರೇಶ."

"ಹೇಳು."

"ನಾನು ಬಿದ್ದ ಮೇಲೂ ನೀನು ನಿಂತೇ ಇದ್ದೀಯ. ಆರಾಮಾಗಿ ನಿಂತಿದ್ದೀಯ. ಆಮೇಲೆ ಬಿದ್ದಿದ್ದೀಯ. ನಿಜ ಹೇಳು. ಬಿಟ್ಟುಕೊಟ್ಯಾ?"

ಹೌದು, ಗೆದ್ದವನು ನೀನೇ ಎಂದು ಅವನೊಬ್ಬನ ಬಾಯಲ್ಲಿ ಕೇಳಿಬಿಟ್ಟರೆ ನನಗೆ ಸಾಕಾಗಿತ್ತು. ಊರು ಏನಾದರೂ ಅಂದುಕೊಳ್ಳಲಿ. ಅದು ಈಗ ಕೈಗೆಟುಕುವ ದೂರದಲ್ಲಿತ್ತು. ಆದರೆ ಹೂಂ ಎಂದರೆ, ಯಾಕೆ ಬಿದ್ದೆ ಎಂದು ಕೇಳುತ್ತಾನೆ. ಆ ತೋಳು ಎಲ್ಲರ ಕಣ್ಣಿಗೆ ಬೀಳುವುದರಲ್ಲಿತ್ತು ಎಂದು ನಾನು ಅವನಿಗೆ ಹೇಳಬೇಕಾಗುತ್ತದೆ.

"ಲಿವರ್ ಏಟು ಕಣೋ ಅದು," ಎಂದೆ. "ಮರ್ತೋಯ್ತಾ ನಿಂಗೆ? ತಲೆಗೆ ಬಿದ್ರೆ ತಕ್ಷಣ ಬೀಳ್ತಾನೆ, ಬಲಪಕ್ಕೆಗೆ ಬಿದ್ರೆ ಒಂದು ಗಳಿಗೆ ಬಿಟ್ಟು ಬೀಳ್ತಾನೆ. ನಾನು ನಿಂತಿದ್ದೆ ಅಷ್ಟೇ, ಒಳ್ಗೆ ಎಲ್ಲ ಮುಗ್ದೋಗಿತ್ತು. ಉಸಿರೇ ಬರ್ತಿರ್ಲಿಲ್ಲ."

ಅವನು ಯೋಚಿಸಿದ. "ಹಾಗಾದ್ರೆ ನನ್ನ ಎಡಗೈ ಮೊದಲು ಬಿದ್ದಿದ್ದು."

"ಮೊದಲು ನಿಂದೇ."

"ನನ್ನ ಏಟಿಗೆ ನೀನು ಬಿದ್ದಿದ್ದು."

"ಹೂಂ."

"ಹೂಂ ಅಂದ್ರಾಗಲ್ಲ. ಬಾಯಿಬಿಟ್ಟು ಹೇಳು."

ಹಲ್ಲು ಕಚ್ಚಿಕೊಂಡೆ. "ನಿನ್ನ ಏಟಿಗೇ ಬಿದ್ದೆ ಕಣೋ ಪ್ರಹ್ಲಾದ."

ಆ ಕಡೆ ಫೋನು ಅವನ ಕಿವಿಗೆ ಟಕಟಕ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ಬಲಗೈಯಲ್ಲೇ ಹಿಡಿದಿದ್ದನೇನೋ.

"ನಂಗೊತ್ತಿತ್ತು," ಎಂದ ಆಮೇಲೆ. "ನಿನ್ನ ಪಕ್ಕೆ ಯಾವತ್ತೂ ಮೆತ್ತಗೇ. ಕೋಲಾರದಲ್ಲೂ ಕರೆಂಟ್ ಇದ್ದಿದ್ರೆ ಹಿಂಗೇ ಬೀಳ್ತಿದ್ದೆ." ಮತ್ತೆ ದನಿ ಏರಿಸಿ, "ಸುಮೇಧಾ, ಬಾರೇ ಇಲ್ಲಿ. ಕದಿರೇಶ ಏನಂದ ಕೇಳು," ಎಂದು ಮಗಳನ್ನು ಕೂಗಿದ.

ಇನ್ನು ಇದು ಮುಳಬಾಗಿಲೆಲ್ಲ ಹಬ್ಬುತ್ತದೆ, ನಾಳೆ ಬೆಳಗಾಗುವಷ್ಟರಲ್ಲಿ ಶ್ರೀನಿವಾಸಪುರಕ್ಕೂ ಬರುತ್ತದೆ. ಅವನು ಮಗಳಿಗೆ ಮೊದಲ ರೌಂಡಿನಿಂದ ಶುರುಮಾಡಿದ. ನಾನು ಫೋನ್ ಇಡಲಿಲ್ಲ. ಅವನು ಹೇಳಿ ಮುಗಿಸುವವರೆಗೂ ಕಿವಿಗೆ ಹಿಡಿದುಕೊಂಡು ಕೂತಿದ್ದೆ.